ಕೈಗಳು ಬೇಕಾಗಿವೆ

ನೋರ್‌ಶೋಪಿಂಗಿನ ಹೊಳೆದಂಡೆ.
ಹಿಂದೊಮ್ಮೆ ಉಣ್ಣೆ ನೇಯುತ್ತಿದ್ದ ಗಿರಣಿಯ ಮೂರನೇ ಮಹಡಿಯಲ್ಲಿ
ಗುನ್ವೋರ್ ಹಾಲ್‌ಸ್ಟ್ರೋಮ್ ಜಾಹೀರಾತು ಬರೆಯುತ್ತಿದ್ದಾಳೆ.
ಮಧ್ಯಾಹ್ನ ಮೂರೂವರೆ; ಕಿಟಕಿಯಾಚೆ ಆಗಲೇ ಕತ್ತಲು.
ಹಳದಿ ಟ್ರಾಮೊಂದು ಸೇತುವೆ ದಾಟುತ್ತ
ತನ್ನ ಬೆಳಕನ್ನು ನೀರಿಗೆ ತೋರಿಸಿ ಹೋಯಿತು.

"ಸಾವಯವ ಎಲೆಕ್ಟ್ರಾನಿಕ್ಸ್, ನವೀನ ವಸ್ತುಗಳು:
ಡಾಕ್ಟರೇಟ್ ಸಂಶೋಧನೆಗೆ ಒಂದು ಸ್ಥಾನ ಖಾಲಿ ಇದೆ.
ನಾಲ್ಕು ವರ್ಷ. ತಿಂಗಳ ಸಂಬಳ ಉಂಟು."
ಇಷ್ಟನ್ನು ಯಾರು ಬೇಕಾದರೂ ಬರೆದಾರು.

ಕನ್ನಡದಲ್ಲಿ ಈ ಪದ ಬರೆಯುವಾಗ ನನಗೆ
ಸಾವಯವದ ಹೊಸ್ತಿಲಲ್ಲೇ ಸಾವು ನಿಂತದ್ದು ಕಾಣುತ್ತದೆ.
ಅವಳ ಭಾಷೆಯಲ್ಲಿ ಆ ಶ್ಲೇಷೆಯಿಲ್ಲ,
ವಿಷಯ ಮಾತ್ರ ನನಗಿಂತ ಚೆನ್ನಾಗಿ ಗೊತ್ತು.
ಸಿಲಿಕಾನಿನ ಕಲ್ಲಾಯುಷ್ಯ ಇವಕ್ಕಿಲ್ಲ.
ಇಂಗಾಲದ ಸರಪಳಿಗಳು,
ನಮ್ಮ ಉಗುರು, ಕೂದಲು, ಈರುಳ್ಳಿ ಸಿಪ್ಪೆಯ ಬಳಗ.
ಗಾಳಿ ತಗುಲಿದರೆ ಬಾಡುತ್ತವೆ,
ತೇವ ಕಂಡರೆ ಮುನಿಯುತ್ತವೆ,
ಬೆಳಕಿಗೆಂದೇ ಹುಟ್ಟಿ ಬೆಳಕಿಗೇ ಸವೆಯುತ್ತವೆ.

ಇದನ್ನು ಹಾಕಲೇ?
ಅಳಿಸಿದಳು.

"ಅರ್ಹತೆ: ರಸಾಯನ ಅಥವಾ ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ."
ಮಂಗಳವಾರ ಹೊಳೆದ ಪೊರೆ ಬುಧವಾರ ಮಂಕಾದರೆ
ಗುರುವಾರ ಮತ್ತೆ ಗಾಜು ತೊಳೆಯಲು ಕೂರುವ ಮನಸ್ಸಿಗೆ
ಯಾವ ವಿಶ್ವವಿದ್ಯಾಲಯ ಅಂಕಪಟ್ಟಿ ಕೊಡುತ್ತದೆ?
ಸಾರಜನಕ ತುಂಬಿದ ಪೆಟ್ಟಿಗೆಯೊಳಕ್ಕೆ
ಕಪ್ಪು ರಬ್ಬರ್ ತೋಳುಗಳಲ್ಲಿ ಭುಜದ ತನಕ ಕೈ ತೂರಿಸಿ
ಮೂಗು ತುರಿಸಿದರೂ ಕದಲದೆ ನಿಲ್ಲಬೇಕು.
ಮೂಗು ಖಂಡಿತ ತುರಿಸುತ್ತದೆ.

ಆ ತೋಳುಗಳೀಗ ಖಾಲಿ.
ಪೆಟ್ಟಿಗೆಯ ಒಳಗಿನ ಒತ್ತಡಕ್ಕೆ ಉಬ್ಬಿ
ಹೊರಗೆ ಚಾಚಿ ನಿಂತಿವೆ, ಹತ್ತೂ ಬೆರಳು ಬಿಡಿಸಿ,
ಎತ್ತಿಕೋ ಎನ್ನುವ ಮಗುವಿನ ಹಾಗೆ.

ಜೂನಿನ ತನಕ ಅವುಗಳಲ್ಲಿ ಯೋರುನಳ ಕೈ ಇತ್ತು.
ಕಾಗದದ ಮೇಲೆ ಕಡುನೀಲಿ ಪಾಲಿಮರಿನ ಮಸಿಯಲ್ಲಿ
ಅವಳು ಮಂಡಲಗಳನ್ನು ಮುದ್ರಿಸುತ್ತಿದ್ದಳು, ಕರೆಂಟು ಹರಿಯಲೆಂದು.
ನಲವತ್ತಮೂರು ಮಾದರಿ.
ಹತ್ತೊಂಬತ್ತನೆಯದು ಹನ್ನೊಂದು ನಿಮಿಷ ಬದುಕಿತು;
ಆವತ್ತು ಎಲ್ಲರಿಗೂ ಏಲಕ್ಕಿ ಬನ್ನು.
ಇಪ್ಪತ್ತನೆಯದು ಉಸಿರೇ ಎತ್ತಲಿಲ್ಲ.
ಮೂರನೇ ವರ್ಷದ ನಡುವೆ ಬಿಟ್ಟು ಹೋದವಳು
ಯೇವ್ಲೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾಳೆ.
ಅಲ್ಲಿಂದ ಒಂದು ಕಾರ್ಡು:
"ಇಲ್ಲಿ ಸರಪಳಿಗಳು ಕಣ್ಣಿಗೆ ಕಾಣುತ್ತವೆ."

ಜನವರಿಯ ಕೊನೆಗೆ ನೂರ ಹನ್ನೆರಡು ಅರ್ಜಿ.
ಲೋಡ್ಜಿನಿಂದ, ಇಸ್ಫಹಾನಿನಿಂದ, ಕುಮಾಸಿಯಿಂದ,
ಎಲ್ಲರಿಗೂ ಬಾಲ್ಯದಿಂದಲೇ ಪಾಲಿಮರಿನ ಮೇಲೆ ಪ್ರೀತಿ.
ಒಂದು ಮಾತ್ರ ಇದೇ ಊರಿನದು.
ಮುನೆವೇರಾ ಚೆಹಾಯಿಚ್, ವಯಸ್ಸು ನಲವತ್ತೊಂದು,
ಕಾಗದದ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ರಾತ್ರಿ ಪಾಳಿ,
ಹಗಲಿನಲ್ಲಿ ಕುಂಟುತ್ತ ಮುಗಿಸಿದ ಸ್ನಾತಕೋತ್ತರ ಪದವಿ.

ಪತ್ರ ಆರೇ ಸಾಲು.
"ನಿಮ್ಮ ಲೇಖನ ಓದಿದೆ.
ಅದರಲ್ಲಿ ಕಾಗದ ಮೇಜಿನ ಹಾಗೆ ಸುಮ್ಮನೆ ಮಲಗಿದೆ.
ಕಾಗದ ಸುಮ್ಮನಿರುವುದಿಲ್ಲ. ನೀರು ಕುಡಿಯುತ್ತದೆ, ಹೊರಳುತ್ತದೆ.
ಅದಕ್ಕೆ ನಾರಿನ ದಿಕ್ಕೊಂದಿದೆ.
ನೀವು ನಾರಿನಗುಂಟ ಮುದ್ರಿಸಿದಿರೋ, ಅಡ್ಡಡ್ಡವೋ?
ಎಲ್ಲಿಯೂ ಬರೆದಿಲ್ಲ."

ಗುನ್ವೋರ್ ಯೋರುನಳ ಟಿಪ್ಪಣಿ ಪುಸ್ತಕಗಳನ್ನು ತೆಗೆದಳು.
ಉಷ್ಣತೆ ಇತ್ತು, ದಪ್ಪ ಇತ್ತು, ಗಂಟೆ ನಿಮಿಷ ಇತ್ತು,
ಅಂಚಿನಲ್ಲಿ ಬೇಸರಕ್ಕೆ ಬಿಡಿಸಿದ ಬಾತುಕೋಳಿಯೂ ಇತ್ತು.
ದಿಕ್ಕು ಇರಲಿಲ್ಲ.
ಪ್ರತಿ ಪುಟದ ಕೆಳಗೂ ತನ್ನದೇ ಸಹಿ.

ಡ್ರಾಯರಿನಿಂದ ನಲವತ್ತಮೂರನೆಯ ಮಾದರಿ ಎತ್ತಿ
ಒಂದು ಮೂಲೆ ಹರಿದಳು. ಸೊಟ್ಟಗೆ, ಹಲ್ಲುಹಲ್ಲಾಗಿ ಹರಿಯಿತು.
ತಿರುಗಿಸಿ ಇನ್ನೊಂದು ಬದಿ ಹರಿದಳು.
ಚಾಕುವಿನಿಂದ ಕುಯ್ದ ಹಾಗೆ ನೇರ.

ಎಷ್ಟೋ ಹೊತ್ತು ಎರಡೂ ಚೂರು ಹಿಡಿದೇ ಕೂತಿದ್ದಳು.
ಹಿಂದೆ, ಗಾಜಿನ ಪೆಟ್ಟಿಗೆಯಿಂದ
ಹತ್ತು ಬೆರಳು ಅವಳತ್ತಲೇ ಚಾಚಿದ್ದವು.